ಪಕ್ಷಿದಾರರಿಗೆ ಉಚಿತ ಸಲಹೆ

ಒದ್ದೆ ಹೊದಿಕೆಯ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಎದುರುಬದುರು ನಿಂತು ಇಬ್ಬರೂ ಅವರವರ ಬಲಕ್ಕೆ ತಿರುಚಿದರೆ ನೀರು ಇಳಿಯುತ್ತದೆ. ಅವಳು ನನ್ನ ಕೈ ನೋಡಿಕೊಂಡು ಅದು ತಿರುಗಿದ ಕಡೆಗೇ ತಿರುಗಿಸುತ್ತಿದ್ದಳು. ಹೊದಿಕೆ ಹಿಂಡಿಕೊಳ್ಳದೆ ಸುಮ್ಮನೆ ಉರುಳುತ್ತಿತ್ತು.

"ನಿನ್ನ ಬಲಕ್ಕೆ ಪುಟ್ಟಿ, ನನ್ನ ಬಲಕ್ಕಲ್ಲ."

"ಬಲ ಅಂದ್ರೆ ಎಲ್ಲರಿಗೂ ಒಂದೇ ಅಲ್ವಾಮ್ಮ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮುಂಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿದ ಸದ್ದಾಯಿತು. "ನಾನೇ, ನಾನೇ," ಎನ್ನುತ್ತಾ ಮನೆಯ ಮಾಲೀಕರು ಒಳಗೆ ಬಂದೇಬಿಟ್ಟರು. ನೇರವಾಗಿ ಬಚ್ಚಲಿಗೇ ಬಂದರು.

"ನಲ್ಲಿ ಸೋರುತ್ತಾ ನೋಡೋಣಾಂತ ಬಂದೆ."

"ಸೋರ್ತಿಲ್ಲ ಸರ್. ಹೋದ ವಾರಾನೂ ಸೋರ್ತಿರಲಿಲ್ಲ."

"ನೋಡಿದ್ರೆ ತಾನೇ ಗೊತ್ತಾಗೋದು?" ನಲ್ಲಿ ಬಿಟ್ಟರು, ನಿಲ್ಲಿಸಿದರು. ಹೋಗುವಾಗ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ಮೂಸಿದರು. "ಉಪ್ಪು ಕಮ್ಮಿ ಆಗಿದೆ ಅನ್ಸುತ್ತಮ್ಮ."

ಅವರೇನು ಕೆಟ್ಟವರಲ್ಲ. ಮಹಡಿಯ ಮೇಲೆ ಅವರೂ ಅವರ ಬೂದು ಗಿಳಿಯೂ ಇರುತ್ತಾರೆ. ಮನೆ ಕಟ್ಟಿಸಿದ್ದು ತಾವು, ಆದ್ದರಿಂದ ಅದರ ಯಾವ ಮೂಲೆಗಾದರೂ ಯಾವಾಗಲಾದರೂ ಹೋಗಬಹುದು ಅಂತ ತಿಳಿದಿದ್ದಾರೆ, ಅಷ್ಟೆ. ಆದರೆ ಹೋದ ವಾರ ಮಗಳು ಶಾಲೆಯಿಂದ ಬಂದು ಬಟ್ಟೆ ಬದಲಿಸುತ್ತಿದ್ದಾಗ ಹೀಗೇ ಬಲ್ಬು ನೋಡಲು ಬಂದಿದ್ದರು. ಅವತ್ತಿನಿಂದ ಅವಳು ಸ್ನಾನಕ್ಕೆ ಹೋಗುವ ಮುಂಚೆ ಕುರ್ಚಿ ಎಳೆದು ಮುಂಬಾಗಿಲಿಗೆ ಒತ್ತಿಡುತ್ತಾಳೆ. ಕುರ್ಚಿಯ ಮೇಲೆ ಅಪ್ಪನ ಬಣ್ಣದ ಡಬ್ಬಿ, ಡಬ್ಬಿಯ ಮೇಲೆ ಶಾಲೆಯ ಚೀಲ. ಎಂಟು ವರ್ಷದ ಹುಡುಗಿ ತನ್ನ ಮನೆಗೆ ತಾನೇ ಕಾವಲು.

"ಓನರ್ ತಾತ, ನೀವ್ಯಾಕೆ..." ಎಂದು ಅವಳು ಶುರು ಮಾಡಿದಳು. ನಾನು ಹೊದಿಕೆಯನ್ನು ಜೋರಾಗಿ ಜಗ್ಗಿದೆ. ಮಾತು ಅಲ್ಲೇ ತುಂಡಾಯಿತು.

ಅವರು ಹೋದ ಮೇಲೆ ಮಗಳು ನನ್ನನ್ನು ಹಿಡಿದುಕೊಂಡಳು. "ಕೇಳಿದ್ರೆ ಏನಾಗುತ್ತೆ?"

"ಮನೆ ಖಾಲಿ ಮಾಡಿ ಅಂದ್ರೆ? ಇಲ್ಲಿಂದ ಶಾಲೆಗೆ ನಡ್ಕೊಂಡು ಹೋಗ್ತೀಯ. ಅಪ್ಪಂಗೆ ಬೋರ್ಡು ಒಣಗಿಸೋಕೆ ಅಂಗಳ ಇದೆ. ಇಂಥ ಮನೆ ಮತ್ತೆಲ್ಲಿ ಸಿಗುತ್ತೆ? ಆಮೇಲೆ ಕೇಳೋಣ."

"ಆಮೇಲೆ ಅಂದ್ರೆ ಯಾವಾಗ?"

"ಆಮೇಲೆ ಅಂದ್ರೆ ಆಮೇಲೆ."

ನಮ್ಮವರು ಬೋರ್ಡು, ಬ್ಯಾನರು ಬರೆಯುವವರು. ಆ ಸಂಜೆ ವಕೀಲರ ಸಂಘದ ಕಾರ್ಯದರ್ಶಿಯಿಂದ ಫೋನ್ ಬಂತು. ಭಾನುವಾರ ಸಮುದಾಯ ಭವನದಲ್ಲಿ ಜನರಿಗೆ ಕಾನೂನು ತಿಳಿಸಿಕೊಡುವ ಕಾರ್ಯಕ್ರಮ, ಬಟ್ಟೆಯ ಬ್ಯಾನರ್ ಬೇಕು. ಕಾರ್ಯದರ್ಶಿಗೆ ಮೂಗು ಕಟ್ಟುವ ನೆಗಡಿ, ಸಾಲದ್ದಕ್ಕೆ ಸ್ಕೂಟರಿನ ಮೇಲಿದ್ದರು. ನಮ್ಮವರು ಒಂದು ಕಿವಿ ಮುಚ್ಚಿಕೊಂಡು "ಹಾಂ ಸರ್, ಬರ್ಕೊಂಡೆ ಸರ್," ಎಂದರು.

ಮರುದಿನ ಅಂಗಳದಲ್ಲಿ ಬ್ಯಾನರ್ ಒಣಗುತ್ತಿತ್ತು. ಮೇಲೆ ಕೆಂಪಕ್ಷರದಲ್ಲಿ 'ಕಾನೂನು ಅರಿವು'. ಕೆಳಗೆ ನೀಲಿಯಲ್ಲಿ 'ಪಕ್ಷಿದಾರರಿಗೆ ಉಚಿತ ಸಲಹೆ. ಎಲ್ಲರೂ ಬನ್ನಿ.'

"ರೀ, ಪಕ್ಷಿದಾರರು ಅಂದ್ರೆ ಯಾರು?"

"ಜಮೀನಿದ್ದೋನು ಜಮೀನ್ದಾರ. ಅಂಗಡಿ ಇದ್ದೋನು ಅಂಗಡಿದಾರ. ಪಕ್ಷಿ ಇದ್ದೋನು ಪಕ್ಷಿದಾರ. ಇಷ್ಟೂ ಗೊತ್ತಾಗಲ್ವಾ?"

"ವಕೀಲರಿಗೂ ಪಕ್ಷಿಗೂ ಏನ್ರೀ ಸಂಬಂಧ?"

"ಕಾನೂನು ಬೆಳೀತಾ ಇದೆ ಕಣೇ."

ಮಗಳು ಕುಂಚದ ಡಬ್ಬಿ ಹಿಡಿದು ಪಕ್ಕದಲ್ಲೇ ಕೂತಿದ್ದಳು. "ಅಪ್ಪಾ, ನಮ್ಮನ್ನ ಬಾಡಿಗೆದಾರರು ಅಂತಾರಲ್ಲ, ನಮ್ಮ ಹತ್ರ ಏನಿದೆ?"

ನಮ್ಮವರು ಕುಂಚ ತೊಳೆಯಲು ಎದ್ದು ಹೋದರು.

ಬ್ಯಾನರನ್ನು ಅವತ್ತೇ ಭವನದ ಮುಂದೆ ಕಟ್ಟಿದರು. ಭಾನುವಾರ ನಾವು ಮೂವರೂ ಹೋದೆವು, ತಾವು ಬರೆದದ್ದು ಎತ್ತರದಲ್ಲಿ ಹೇಗೆ ಕಾಣುತ್ತದೆ ಅಂತ ನೋಡುವ ಆಸೆ ನಮ್ಮವರಿಗೆ. ಒಳಗೆ ಕಾಲಿಟ್ಟರೆ ಕೋಳಿ, ಬಾತುಕೋಳಿ, ಪಾರಿವಾಳ. ಒಬ್ಬ ಅಜ್ಜಿ ಬುಟ್ಟಿಯಲ್ಲಿ ಕಾವಿಗೆ ಕೂತ ಕೋಳಿಯನ್ನು ಮೊಟ್ಟೆ ಸಮೇತ ಹೊತ್ತು ತಂದಿದ್ದರು. ಮೊದಲ ಸಾಲಿನ ನಟ್ಟನಡುವೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೊಡೆಯ ಮೇಲೆ ಪಂಜರ ಇಟ್ಟುಕೊಂಡು ನಮ್ಮ ಮಾಲೀಕರು.

ಬಾಗಿಲಲ್ಲೇ ಕಾರ್ಯದರ್ಶಿ ನಮ್ಮವರ ತೋಳು ಹಿಡಿದರು. ಇನ್ನೂ ಮೂಗು ಕಟ್ಟಿತ್ತು. "ಕಕ್ಷಿದಾರ ಕಣ್ರೀ! ಕ, ಕ! ವಕೀಲರ ಹತ್ರ ಕೇಸು ತರೋರಿಗೆ ಕಕ್ಷಿದಾರ ಅಂತಾರೆ!"

ಕೇಸು ತಂದವರು ಒಬ್ಬರೂ ಕಾಣಲಿಲ್ಲ. ಪಂಜರ ತಂದವರಿಂದ ಭವನ ತುಂಬಿತ್ತು.

"ಹೋದ ಸಲ ಎಷ್ಟು ಜನ ಬಂದಿದ್ರು ಸರ್?" ನಮ್ಮವರು ಮೆಲ್ಲಗೆ ಕೇಳಿದರು.

ಕಾರ್ಯದರ್ಶಿ ಭವನವನ್ನೊಮ್ಮೆ ನೋಡಿದರು. "ಕಾವಲುಗಾರ ಬಂದಿದ್ದ," ಎಂದು ತೋಳು ಬಿಟ್ಟರು.

ಸಂಘದ ಅಧ್ಯಕ್ಷರು ಹಿರಿಯ ವಕೀಲರು. ಬಾಯಿಬಿಟ್ಟರೆ ಕೋರ್ಟೇ ಮಾತಾಡಿದಂತೆ ಇರುತ್ತಿತ್ತು. ಎದುರಿಗೆ ಕೋಳಿ ಇದೆಯೋ ಮನುಷ್ಯರಿದ್ದಾರೋ ನೋಡದೆ ಶುರು ಮಾಡಿದರು. "ಸದರಿ ಬಾಡಿಗೆದಾರನ ಶಾಂತಿಯುತ ಸ್ವಾಧೀನಾನುಭವಕ್ಕೆ ಮಾಲೀಕನಾದವನು ಯಾವುದೇ ರೀತಿಯ ಅಡ್ಡಿ ಆತಂಕವನ್ನು ಉಂಟುಮಾಡತಕ್ಕದ್ದಲ್ಲ!"

ಹಿಂದಿನ ಸಾಲಿನಲ್ಲಿ ಒಂದು ಹುಂಜ ಕೂಗಿತು.

"ಶಾಂತತೆ ಕಾಪಾಡಿ," ಎಂದರು ಅಧ್ಯಕ್ಷರು. ಹುಂಜ ಇನ್ನೊಂದು ಸಲ ಕೂಗಿತು.

ಮಗಳು ನನ್ನ ಸೆರಗು ಎಳೆದಳು. "ಅಮ್ಮ, ಬಾಡಿಗೆದಾರ ಅಂದ್ರಲ್ಲ. ನಮ್ಮ ವಿಷ್ಯಾನಾ?"

"ಸುಮ್ನಿರು. ಆಮೇಲೆ."

ವೇದಿಕೆಯಲ್ಲಿ ಅಧ್ಯಕ್ಷರ ಪಕ್ಕ ಕೂತಿದ್ದ ಚಿಕ್ಕ ವಯಸ್ಸಿನ ವಕೀಲೆ ಎದ್ದು, "ಸರ್, ಒಂದ್ನಿಮಿಷ ನಾನು ಹೇಳ್ಲಾ?" ಎಂದು ಮೈಕನ್ನು ಅವರ ಕೈಯಿಂದ ಬಿಡಿಸಿಕೊಂಡರು. "ಕ್ಷಮಿಸಿ, ಬ್ಯಾನರಲ್ಲಿ ಒಂದಕ್ಷರ ತಪ್ಪಾಗಿದೆ. ಆದ್ರೆ ಬಂದಿದೀರಲ್ಲ, ಕೂತ್ಕೊಳ್ಳಿ. ಸರ್ ಹೇಳಿದ್ದು ಇಷ್ಟೇ. ಮನೆ ಬಾಡಿಗೆಗೆ ಕೊಟ್ಟ ಮೇಲೆ, ಅವರು ಇರೋವರೆಗೂ ಅದು ಅವರ ಮನೆ. ಕಟ್ಟಿಸಿದೋರೇ ಆಗಿರ್ಲಿ, ಹೇಳದೆ ಕೇಳದೆ ಒಳಗೆ ಹೋಗಂಗಿಲ್ಲ."

"ಸರಿಯಾದ ಮಾತು!" ಎಂದು ಮೊದಲ ಸಾಲಿನಲ್ಲಿ ಎದ್ದು ನಿಂತವರು ನಮ್ಮ ಮಾಲೀಕರು.

"ನನ್ನ ಗಿಳೀದೂ ಅದೇ ಕಥೆ ಮೇಡಂ," ಅವರು ಪಂಜರ ಎತ್ತಿ ಎಲ್ಲರಿಗೂ ತೋರಿಸಿದರು. "ಬೀದಿ ಮಕ್ಕಳು ಮೇಲೆ ಬಂದು ಸುಮ್ಸುಮ್ನೆ ಒಳಗೆ ಬೆರಳು ಹಾಕ್ತಾವೆ. ಅದಕ್ಕೆ ಎಷ್ಟು ಗಾಬರಿ ಆಗುತ್ತೆ ಗೊತ್ತಾ? ಅವತ್ತೆಲ್ಲ ಕಾಳು ಮುಟ್ಟಲ್ಲ, ಮೂಲೆಗೆ ಒತ್ಕೊಂಡು ಕೂತ್ಬಿಡುತ್ತೆ. ಪಂಜರ ನಾನೇ ತಂದಿದ್ದು, ಕಾಳು ಹಾಕೋನು ನಾನೇ. ಆದ್ರೂ ಒಂದಿನಾನೂ ತಟ್ಟದೆ ಕೈ ಹಾಕಿದವನಲ್ಲ. ನೋಡಿ ಬೇಕಾದ್ರೆ."

ಬೆರಳಿನಿಂದ ಪಂಜರವನ್ನು ಟಕ್ ಟಕ್ ಎಂದು ತಟ್ಟಿದರು.

"ಯಾರದು?" ಎಂದಿತು ಗಿಳಿ.

ಇಡೀ ಭವನ ನಕ್ಕಿತು. "ನಾನೇ, ನಾನೇ," ಎಂದರು ಮಾಲೀಕರು, ಅದೇ ದನಿಯಲ್ಲಿ. ಗಿಳಿ ಕತ್ತು ಓರೆ ಮಾಡಿ ಯೋಚಿಸಿ, "ಬಾ," ಎಂದಿತು. ಆಮೇಲೆಯೇ ಅವರು ಪಂಜರದ ಬಾಗಿಲು ತೆಗೆದದ್ದು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ತಟ್ಟಿದರು.

ಮಗಳು ಮಾತ್ರ ನಗಲಿಲ್ಲ. ಪಂಜರವನ್ನು ನೋಡಿದಳು, ಆಮೇಲೆ ನನ್ನನ್ನು. ನನ್ನ ಕೈ ತಾನಾಗಿಯೇ ಅವಳ ಬಾಯಿಯ ಕಡೆಗೆ ಹೊರಟಿತ್ತು. ಬಾಗಿಲಿಗೆ ಒತ್ತಿಟ್ಟ ಕುರ್ಚಿ, ಅದರ ಮೇಲಿನ ಡಬ್ಬಿ, ಡಬ್ಬಿಯ ಮೇಲಿನ ಪುಟ್ಟ ಚೀಲ ಕಣ್ಣಿಗೆ ಕಟ್ಟಿದವು. ಮನೆ ಹೋದರೆ ಇನ್ನೊಂದು ಹುಡುಕಬಹುದು. ಚಾಚಿದ ಕೈಯಿಂದ ಅವಳ ಹಣೆಯ ಮೇಲಿನ ಕೂದಲನ್ನು ಸರಿಮಾಡಿದೆ.

"ಆಮೇಲೆ ಅಂದ್ರೆ ಈಗಲೇನಾ?" ಎಂದು ಪಿಸುಗುಟ್ಟಿದಳು.

"ಹೂಂ. ಈಗ."

ಅವಳು ಕುರ್ಚಿ ಹತ್ತಿ ನಿಂತಳು. ಕಂಬದ ಮರೆಯಲ್ಲಿದ್ದ ಅವಳಪ್ಪ ಕಣ್ಣು ಮುಚ್ಚಿಕೊಂಡರು.

"ಓನರ್ ತಾತ," ಎಂದಳು, ಭವನದ ಕೊನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ, "ಗಿಳಿ ಮನೆ ಬಾಗಿಲು ತಟ್ತೀರಲ್ಲ, ನಮ್ಮನೆ ಬಾಗಿಲು ಯಾಕೆ ತಟ್ಟಲ್ಲ?"