ಫ್ಲ್ಯಾಶಿಯ ವಿಳಾಸ

ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಬಂದಾಗ ಬುಡ್ಡಿಯ ಫೋನಿಗೆ ಅವತ್ತಿನ ಫೋಟೋ ಬಂದಿತ್ತು. ಬೈಂಡಿಂಗ್ ಮೇಜಿನ ಮೇಲೆ ಹೊಲಿದಿಟ್ಟ ಪುಸ್ತಕಗಳು ರಾಶಿ ಬಿದ್ದಿದ್ದವು. ಅವುಗಳನ್ನು ಒಂದಿಷ್ಟು ಸರಿಸಿ, ಫೋನನ್ನು ಮೂಗಿನ ಹತ್ತಿರ ತಂದು ನೋಡಿದಳು. ತಲೆಬುಡ ಗೊತ್ತಾಗಲಿಲ್ಲ. ಮರದ ಹಲಗೆಯ ನೆಲ, ಓರೆಯಾಗಿ ಕಾಣುವ ಮಂಚದ ಕಾಲು, ಒಲೆಯ ಅಡಿಯ ಧೂಳು, ಆಚೆ ಬಾಗಿಲ ಸಂದಿಯಿಂದ ನುಸುಳಿದ ಬೆಳಕಿನ ಗೆರೆ. ಎಲ್ಲ ಅಲುಗಾಡಿ ಮಸುಕಾಗಿತ್ತು.

'ಫ್ಲ್ಯಾಶಿ ಕೈತಪ್ಪಿ ಒತ್ತಿರ್ತಾಳೆ, ಗಡಿಬಿಡಿ ಗೌರಮ್ಮ' ಎಂದುಕೊಂಡು ಸೂಜಿಗೆ ದಾರ ಪೋಣಿಸಿದಳು.

ಅವರಿಬ್ಬರೂ ಹರೆಯದಲ್ಲಿ ಒಂದೇ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದವರು. ಫ್ಲ್ಯಾಶಿ ಮುಂದಿನ ಕೋಣೆಯಲ್ಲಿ ಗಿರಾಕಿಗಳನ್ನು ಕೂರಿಸಿ, ನಗಿಸಿ, ಗಲ್ಲ ಎತ್ತಿಸಿ ಫೋಟೋ ತೆಗೆಯುವವಳು. ಬುಡ್ಡಿ ಒಳಗಿನ ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆದು, ಸಣ್ಣ ಕುಂಚ ಹಿಡಿದು ಮುಖದ ಮೇಲಿನ ಕಲೆ, ಮೊಡವೆಗಳನ್ನು ಅಳಿಸುವವಳು. ಯಜಮಾನರಿಗೆ ಅಡ್ಡಹೆಸರಿಡುವ ಚಟ. ದಪ್ಪ ಕನ್ನಡಕದವಳು ಸೋಡಾಬುಡ್ಡಿಯಾಗಿ, ಬರಬರುತ್ತಾ ಬರೀ ಬುಡ್ಡಿಯಾದಳು. ಬಂದವರ ಕಣ್ಣು ಕುಕ್ಕುವಂತೆ ಓಡಾಡುತ್ತಿದ್ದ ಮಾತಿನಮಲ್ಲಿ ಫ್ಲ್ಯಾಶಿಯಾದಳು. ಮುಂದೆ ಸ್ಟುಡಿಯೋ ಮುಚ್ಚಿತು. ಫ್ಲ್ಯಾಶಿ ಮದುವೆಯಾಗಿ ಕಡಲಾಚೆಯ ಇನ್ನೊಂದು ಖಂಡಕ್ಕೆ ಹೋದಳು. ಬುಡ್ಡಿ ಪುಸ್ತಕ ಹೊಲಿಯುವ ಕೆಲಸಕ್ಕೆ ಸೇರಿದಳು. ಇಬ್ಬರ ಗಂಡಂದಿರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಬುಡ್ಡಿಗೆ ಮಗಳಿದ್ದಳು. ಫ್ಲ್ಯಾಶಿಗೆ ಯಾರೂ ಇರಲಿಲ್ಲ.

ದಿನಕ್ಕೊಂದು ಫೋಟೋ ಕಳಿಸುವ ಕರಾರು ಹುಟ್ಟಿದ್ದು ಆಗಲೇ.

"ಮಾತಾಡೋಕೆ ಕೂತ್ರೆ ಇಬ್ರೂ ಅಳ್ತೀವಿ ಕಣೇ," ಎಂದಿದ್ದಳು ಫ್ಲ್ಯಾಶಿ. "ಬರಿಯೋಕೆ ಕೂತ್ರೆ ಸುಳ್ಳು ಬರೀತೀವಿ. ಸುಮ್ನೆ ಕಣ್ಮುಂದೆ ಏನಿದ್ಯೋ ಅದನ್ನ ತೆಗ್ದು ಕಳ್ಸೋಣ. ಫೋಟೋ ಸುಳ್ಳು ಹೇಳಲ್ಲ."

ಅಂದಿನಿಂದ ಅಲ್ಲಿ ಬೆಳಗಾದಾಗ, ಇಲ್ಲಿ ಊಟದ ಹೊತ್ತಿಗೆ, ಒಂದು ಬರುತ್ತಿತ್ತು, ಒಂದು ಹೋಗುತ್ತಿತ್ತು. ಬಟ್ಟಲಿನಿಂದ ಏಳುವ ಹಬೆ, ಕಿಟಕಿಯ ಮೇಲೆ ಕೂತ ಪಾರಿವಾಳ, ಶಾಲೆಯ ಅಡುಗೆಮನೆಯಲ್ಲಿ ಅವಳು ದಿನಾ ತಿಕ್ಕುತ್ತಿದ್ದ ದೊಡ್ಡ ಪಾತ್ರೆಗಳು, ಹಸಿರು ಕಂಬಿಯ ಮೆಟ್ಟಿಲು. ಅವಳ ಮನೆಯ ನಲ್ಲಿ ಯಾವ ಕಡೆ ಸೋರುತ್ತದೆ ಎಂಬುದೂ ಬುಡ್ಡಿಗೆ ಗೊತ್ತಿತ್ತು.

ಎರಡು ಪುಸ್ತಕ ಹೊಲಿದ ಮೇಲೆ ಅವಳಿಗೆ ಏಕೋ ಕೈ ಓಡಲಿಲ್ಲ. ಆ ಬಾಗಿಲ ಸಂದಿ ಕಣ್ಣಿಗೆ ಕಟ್ಟಿತ್ತು. ಬಾಗಿಲಿನ ಅಡಿಯ ಬೆಳಕು ಹಾಗೆ ನೇರವಾಗಿ ಕಾಣಬೇಕಾದರೆ ಕೆನ್ನೆ ನೆಲಕ್ಕೆ ಅಂಟಿರಬೇಕು. ಯಾರಾದರೂ ಬಗ್ಗಿ ಹಾಗೆ ಫೋಟೋ ತೆಗೆಯುತ್ತಾರೆಯೇ? ಬಿದ್ದವರು ಮಾತ್ರ ತೆಗೆದಾರು.

ಫೋನು ಹಚ್ಚಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಹಚ್ಚಿದಳು. ಹಿಡಿದಿದ್ದ ಸೂಜಿ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಮೇಸ್ತ್ರಿಗೆ ಹೇಳದೆ ಕೇಳದೆ ಎದ್ದು, ಚಪ್ಪಲಿ ಅದಲು ಬದಲಾದದ್ದೂ ತಿಳಿಯದೆ, ಮಗಳು ಕೆಲಸ ಮಾಡುವ ಔಷಧಿ ಅಂಗಡಿಗೆ ಓಡಿದಳು.

ಮಗಳಿಗೆ ಆ ದೇಶದ ಭಾಷೆ ಅಷ್ಟಿಷ್ಟು ಬರುತ್ತಿತ್ತು. ಅಂಗಡಿಯ ಹಿಂದಿನ ಗೋದಾಮಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಅಲ್ಲಿಯ ಪೊಲೀಸ್ ಠಾಣೆಯ ನಂಬರು ಹುಡುಕಿದಳು. ಫೋನು ತೆಗೆದವರು ಸಮಾಧಾನವಾಗಿಯೇ ಕೇಳಿಸಿಕೊಂಡರು. ವಿಳಾಸ ಹೇಳಿ ಎಂದರು.

"ಅಮ್ಮ, ಆಂಟಿ ಅಡ್ರೆಸ್ ಏನು?"

ಬುಡ್ಡಿ ಬಾಯಿಬಿಟ್ಟಳು. ಮದುವೆಯಾದ ಹೊಸದರಲ್ಲಿದ್ದ ಮನೆಯ ವಿಳಾಸ ಬಾಯಿಪಾಠವಾಗಿತ್ತು, ಹೇಳಿದಳು. ಗಂಡ ಸತ್ತ ಮೇಲೆ ಫ್ಲ್ಯಾಶಿ ಅದನ್ನು ಬಿಟ್ಟು ಬಾಡಿಗೆಯ ಒಂಟಿಕೋಣೆಗೆ ಹೋಗಿದ್ದಳು. ಅದರ ಬೀದಿಯ ಹೆಸರು? ಮನೆ ಯಜಮಾನನ ಹೆಸರು? ಅವಳು ಕೇಳಿರಲಿಲ್ಲ. ಕೋಣೆಯ ಮೂಲೆಮೂಲೆಯೂ ಕಣ್ಣ ಮುಂದಿರುವಾಗ ಕೇಳಬೇಕೆಂದೇ ಅನ್ನಿಸಿರಲಿಲ್ಲ.

"ಒಲೆ ಎಲ್ಲಿದೆ ಅಂತ ಹೇಳ್ಲಾ? ಮಂಚ ಯಾವ ಕಡೆಗಿದೆ ಅಂತ ಹೇಳ್ಲಾ?" ಎಂದು ಮಗಳ ತೋಳು ಹಿಡಿದು ಅಲುಗಿಸಿದಳು. "ಹೇಳು ಅವ್ರಿಗೆ, ನಂಗೆಲ್ಲಾ ಗೊತ್ತು ಅಂತ ಹೇಳು!"

ಮಗಳು ಹಳೆಯ ವಿಳಾಸವನ್ನೇ ಬರೆಸಿದಳು. ಪೊಲೀಸರು ಹಳೆಯ ಮನೆಗೆ ಹೋಗಿ ನೋಡಿ, ಅಲ್ಲಿ ಬೇರೆ ಸಂಸಾರವಿದೆ ಎಂದು ತಿಳಿಸಿದರು. ಫೋನ್ ನಂಬರಿನಿಂದ ಜಾಗ ಹುಡುಕಿಸುತ್ತೇವೆ, ಆದರೆ ಅದಕ್ಕೆ ಅಪ್ಪಣೆ ಸಿಗುವುದು ತಡವಾಗುತ್ತದೆ ಎಂದರು. ಫ್ಲ್ಯಾಶಿ ಕೆಲಸ ಮಾಡುವ ಶಾಲೆಗೆ ಫೋನು ಮಾಡಿದರೆ ಎತ್ತುವವರಿಲ್ಲ. ದೊಡ್ಡ ರಜೆ ಶುರುವಾಗಿತ್ತು. ಅಂದರೆ ಅವಳು ಕೆಲಸಕ್ಕೆ ಬರಲಿಲ್ಲವಲ್ಲ ಎಂದು ಕೇಳುವ ಒಂದು ನರಪಿಳ್ಳೆಯೂ ಆ ಊರಿನಲ್ಲಿ ಇರಲಿಲ್ಲ.

"ಫೋಟೋಗಳಲ್ಲೇ ಹುಡುಕೋಣ ಅಮ್ಮ," ಎಂದಳು ಮಗಳು. "ಏನಾದ್ರೂ ಬೋರ್ಡು, ಅಂಗಡಿ ಹೆಸರು, ಏನಾದ್ರೂ ಸರಿ."

ಹುಡುಕಿದರು. ಒಂದೊಂದನ್ನೂ ಬೆರಳಿನಿಂದ ಹಿಗ್ಗಿಸಿ ನೋಡಿದರು. ಬುಡ್ಡಿ ಯಾವತ್ತೂ ಬಟ್ಟಲಿನ ಹಬೆ ನೋಡಿದ್ದಳು, ಪಾರಿವಾಳ ನೋಡಿದ್ದಳು. ಈಗ ಅವುಗಳ ಅಂಚು ನೋಡತೊಡಗಿದಳು. ಹಬೆಯ ಹಿಂದಿನ ಗೋಡೆ ಹಸಿಯಾಗಿ ಕಪ್ಪಗಾಗಿತ್ತು. ಚಳಿಗಾಲ ಪೂರ್ತಿ ಮೊಣಕೈ ಹರಿದ ಒಂದೇ ನೀಲಿ ಸ್ವೆಟರು. ಎಲ್ಲಿ ನೋಡಿದರೂ ಒಂದು ಬಟ್ಟಲು, ಒಂದು ಚಮಚ. ಪಾರಿವಾಳದ ಪಕ್ಕದಲ್ಲಿ ಕಿಟಕಿ ಕಟ್ಟೆಯ ಮೇಲೆ ಅರ್ಧ ಖಾಲಿಯಾದ ಮಾತ್ರೆಯ ಹಾಳೆ.

"ಇದು ಬಿ.ಪಿ. ಮಾತ್ರೆ," ಎಂದಳು ಮಗಳು. ದಿನಾ ಅವನ್ನು ಮಾರುವವಳು. ಆಮೇಲೆ ಮುಂದಿನ ಫೋಟೋಗಳನ್ನು ಒಂದೊಂದಾಗಿ ಸರಿಸಿ ದನಿ ತಗ್ಗಿಸಿದಳು. "ಅದೇ ಹಾಳೆ ಅಮ್ಮ. ಅಷ್ಟೇ ಖಾಲಿ. ತಿಂಗಳಾದ್ರೂ ಮುಟ್ಟೇ ಇಲ್ಲ."

ಬುಡ್ಡಿ ಹಣೆ ಚಚ್ಚಿಕೊಂಡಳು. "ಕಣ್ಣಿದ್ದೂ ಕುರುಡಿ ನಾನು. ಇಷ್ಟು ದಿನ ಏನು ನೋಡ್ದೆ, ಮಣ್ಣು!"

"ಅಳೋಕೆ ಆಮೇಲೆ ಟೈಮಿದೆ. ನೋಡು, ನೋಡು."

ಕೊನೆಗೆ ಸಿಕ್ಕಿದ್ದು ಒಂದು ಬ್ರೆಡ್ಡಿನ ಚೀಲ. ಮೇಜಿನ ಮೇಲೆ ಮಡಚಿಟ್ಟ ಕಾಗದದ ಚೀಲದ ಮೇಲೆ ಅಂಗಡಿಯ ಫೋನ್ ನಂಬರು ಅರ್ಧ ಕಾಣುತ್ತಿತ್ತು. ಉಳಿದರ್ಧಕ್ಕಾಗಿ ಮತ್ತೆ ಹಿಂದೆ ಹೋದರು. ಯಾವುದೋ ಹಳೆಯ ಫೋಟೋದಲ್ಲಿ ಅಂಥದೇ ಚೀಲ ಕಸದ ಬುಟ್ಟಿಯಿಂದ ಇಣುಕುತ್ತಿತ್ತು. ಎರಡನ್ನೂ ಸೇರಿಸಿ ಒತ್ತಿದರು.

ಬ್ರೆಡ್ ಅಂಗಡಿಯ ಹೆಂಗಸು ಮೊದಲು ರೇಗಿದಳು. ಗಿರಾಕಿಗಳ ಗದ್ದಲ. ಮಗಳು ತೊದಲುತ್ತಾ ವಿಷಯ ಹೇಳಿದಾಗ ಅವಳ ದನಿ ಬದಲಾಯಿತು. ಆ ಹೆಂಗಸಿನ ಮುಖದ ಫೋಟೋ ಕಳಿಸಿ ಎಂದಳು.

ಮುಖದ ಫೋಟೋ ಇರಲಿಲ್ಲ. ಅಷ್ಟು ವರ್ಷಗಳ ಅಷ್ಟೊಂದು ಫೋಟೋಗಳಲ್ಲಿ ಫ್ಲ್ಯಾಶಿ ಒಂದರಲ್ಲೂ ಇರಲಿಲ್ಲ. ನೆರಳಿತ್ತು, ಚಪ್ಪಲಿಯ ತುದಿಯಿತ್ತು, ಬಟ್ಟಲು ಹಿಡಿದ ಕೈಯಿತ್ತು. ನೀಲಿ ಸ್ವೆಟರಿನ ಆ ಕೈಯನ್ನೇ ಕಳಿಸಿದರು.

ಅದನ್ನು ನೋಡಿ ಅಂಗಡಿಯವಳು ಏನೋ ಕೇಳಿದಳು. ಮಗಳು ತಾಯಿಯ ಮುಖ ನೋಡಿದಳು.

"ಕಾಲು ಎಳ್ಕೊಂಡು ನಡೀತಾಳಲ್ಲ, ಅರ್ಧ ಬ್ರೆಡ್ ತಗೋತಾಳಲ್ಲ, ಆ ಹೆಂಗಸಾ ಅಂತ ಕೇಳ್ತಿದ್ದಾರೆ."

"ಕಾಲು ಎಳ್ಕೊಂಡಾ?" ಎಂದಳು ಬುಡ್ಡಿ. "ಯಾವ ಕಾಲು? ಯಾವಾಗಿಂದ?"

ಅಂಗಡಿಯ ಹೆಂಗಸಿಗೂ ಮನೆ ಗೊತ್ತಿರಲಿಲ್ಲ, ಎಡಕ್ಕೆ ತಿರುಗಿ ಹೋಗುತ್ತಾಳೆ ಎಂಬುದಷ್ಟೇ ಗೊತ್ತು. ಆದರೆ ಅವಳು ಪುಣ್ಯಾತ್ಗಿತ್ತಿ. ಅಂಗಡಿಯನ್ನು ಗಂಡನಿಗೆ ವಹಿಸಿ, ವಿಡಿಯೋ ಹಚ್ಚಿ, ಫೋನನ್ನು ಮುಂದೆ ಹಿಡಿದುಕೊಂಡು ಬೀದಿಗಿಳಿದಳು.

ಬುಡ್ಡಿ ಕನ್ನಡಕ ಒರೆಸಿ ಒರೆಸಿ ನೋಡಿದಳು. ಯಾವುದೋ ಊರಿನ ಬೀದಿ ಅಂಗೈಯಲ್ಲಿ ಕುಲುಕುತ್ತಾ ಸಾಗಿತು. ಗೋಡೆಗೊರಗಿದ ಸೈಕಲ್ಲು, ಮುಚ್ಚಿದ ಶಟರು, ಒದ್ದೆ ಕಲ್ಲುಹಾಸು. ಒಂದು ಓಣಿ ಬಂತು. ಅಲ್ಲ. ಇನ್ನೊಂದು ಬಂತು. ಅದೂ ಅಲ್ಲ. ಸಿಗ್ನಲ್ ಹೋಗಿ ಚಿತ್ರ ಹೆಪ್ಪುಗಟ್ಟಿದಾಗಲೆಲ್ಲ ಅವಳು ಫೋನನ್ನು ಕೊಡವುತ್ತಿದ್ದಳು. ಮೂರನೆಯ ಓಣಿಯನ್ನು ಆ ಹೆಂಗಸು ದಾಟಿಯೇಬಿಟ್ಟಿದ್ದಳು.

"ಹಿಂದೆ! ಹಿಂದೆ ಹೋಗು ಅನ್ನೇ!" ಬುಡ್ಡಿ ಚೀರಿದಳು. "ಹಸಿರು ಕಂಬಿ! ಅದೇ ಮೆಟ್ಲು! ಮೇಲೆ ಹತ್ತಿ ಬಲಗಡೆ, ಬಾಗ್ಲ ಮುಂದೆ ಹರಿದ ಕಾಲೊರಸು ಇರುತ್ತೆ, ನೋಡು ಅನ್ನು!"

ಕಾಲೊರಸು ಇತ್ತು. ಬಾಗಿಲು ಬಡಿದರೆ ಒಳಗಿನಿಂದ ಸದ್ದಿಲ್ಲ. ಆ ಹೆಂಗಸು ಮಂಡಿಯೂರಿ ಬಾಗಿಲ ಸಂದಿಗೆ ಕಿವಿಯಿಟ್ಟಳು. ಎದ್ದವಳೇ ಪೊಲೀಸರಿಗೆ ಕರೆ ಮಾಡಬೇಕು, ಫೋನಿಡುತ್ತೇನೆ ಎಂದಳು. ಪರದೆ ಕಪ್ಪಾಯಿತು.

ಅಲ್ಲಿಂದ ಮುಂದಿನ ಹೊತ್ತನ್ನು ಬುಡ್ಡಿ ಹೇಗೆ ಕಳೆದಳೋ ದೇವರೇ ಬಲ್ಲ. ಒಮ್ಮೆ ಎದ್ದಳು, ಒಮ್ಮೆ ಕೂತಳು. 'ಸೂಜಿ ಪೋಣಿಸ್ತಾ ಕೂತೆನಲ್ಲ, ಎರಡು ಪುಸ್ತಕ ಹೊಲಿದೆನಲ್ಲ' ಎಂದು ಅದನ್ನೇ ಬಡಬಡಿಸಿದಳು.

ಕೊನೆಗೆ ಪೊಲೀಸರಿಂದ ಫೋನು ಬಂತು. ಜೀವವಿದೆ ಎಂದರು. ಹಿಂದಿನ ಸಂಜೆಯೇ ಬಿದ್ದಿದ್ದಾಳೆ. ಮೆದುಳಿನಲ್ಲಿ ರಕ್ತಸ್ರಾವ. ಬಲಭಾಗ ಪೂರ್ತಿ ಸ್ವಾಧೀನ ತಪ್ಪಿದೆ. ಫೋನು ಎಡಗೈಯ ಪಕ್ಕದಲ್ಲಿ ಬಿದ್ದಿತ್ತು. ಮಾತಾಡಲು ಬಾರದೆ, ಅಕ್ಷರ ಒತ್ತಲೂ ಆಗದೆ, ಬೆಳಗಿನ ಹೊತ್ತಿಗೆ ತನಗೆ ರೂಢಿಯಾಗಿದ್ದ ಒಂದೇ ಕೆಲಸವನ್ನು ಅವಳು ಮಾಡಿದ್ದಳು.

ಆಸ್ಪತ್ರೆಯವರು ಬುಡ್ಡಿಗೆ ಹೆಚ್ಚೇನೂ ಹೇಳಲಿಲ್ಲ. ನೀವು ಅವರಿಗೆ ಏನಾಗಬೇಕು ಎಂದು ಪ್ರತಿಸಲ ಕೇಳಿದರು. ಗೆಳತಿ ಎಂದರೆ, ರಕ್ತಸಂಬಂಧಿಗಳು ಯಾರಾದರೂ ಇದ್ದರೆ ಮಾತಾಡಿಸಿ ಎಂದರು. ಹೋಗೋಣವೆಂದರೆ ಬುಡ್ಡಿಯ ಹತ್ತಿರ ಪಾಸ್‌ಪೋರ್ಟ್ ಸಹ ಇರಲಿಲ್ಲ. ಮಗಳು ಅದಕ್ಕೆ ಅರ್ಜಿ ಹಾಕಿದಳು. ಅದು ಬಂದು, ಆ ದೇಶದವರು ಒಪ್ಪಿ, ಇವಳು ಹೋಗಿ ಮುಟ್ಟುವುದು ಯಾವ ಕಾಲಕ್ಕೋ. ಬ್ರೆಡ್ ಅಂಗಡಿಯ ಹೆಂಗಸೇ ಅಂಗಡಿ ಮುಚ್ಚಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಒಂದು ದಿನ ಅಲ್ಲಿಂದಲೇ ವಿಡಿಯೋ ಹಚ್ಚಿ, ಹಾಸಿಗೆಯ ಕಡೆಗೆ ತಿರುಗಿಸಿದಳು.

ಬುಡ್ಡಿಗೆ ಮೊದಲು ಯಾರೋ ಮುದುಕಿ ಎನ್ನಿಸಿತು. ತಲೆ ಬೋಳಿಸಿದ್ದರು. ಬಾಯಿ ಒಂದು ಕಡೆಗೆ ಇಳಿದಿತ್ತು. ಆ ಮುದುಕಿ ಇವಳನ್ನು ನೋಡಿದಳು, ನೋಡಿದವಳೇ ಎಡಗೈಯನ್ನು ಕಷ್ಟಪಟ್ಟು ಎತ್ತಿ ಮುಖಕ್ಕೆ ಅಡ್ಡ ಹಿಡಿದಳು.

"ತೆಗಿಯೇ ಕೈನ," ಎಂದಳು ಬುಡ್ಡಿ. ಕೈ ಅಲುಗಲಿಲ್ಲ. "ತೆಗೀತೀಯೋ ಇಲ್ವೋ? ಊರೋರ ಮುಖಾನೆಲ್ಲ ಬೆಳಕಿಗೆ ತಿರುಗ್ಸಿ ಕೂರ್ಸಿದವಳು, ನನ್ಮುಂದೆ ನಾಚ್ಕೋತೀಯಾ? ಕಾಲು ನೋಯ್ತಿದೆ ಅಂತ ಒಂದು ಮಾತು ಹೇಳೋಕೇನಾಗಿತ್ತು ನಿಂಗೆ? ಗೋಡೆ ಹಸಿ ಆಗಿದೆ, ಮಾತ್ರೆ ತಗೋತಿಲ್ಲ ಅಂತ ಹೇಳೋಕೇನಾಗಿತ್ತು ದರಿದ್ರದವಳೇ..."

ಬೈಗುಳ ಅರ್ಧಕ್ಕೇ ಅಳುವಾಯಿತು. ಮಗಳು ಬೆನ್ನು ಸವರಿದಳು. ಬ್ರೆಡ್ ಅಂಗಡಿಯ ಹೆಂಗಸು ಮಾತು ಅರ್ಥವಾಗದಿದ್ದರೂ ಫೋನನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.

ಬಹಳ ಹೊತ್ತಾದ ಮೇಲೆ ಅಡ್ಡ ಹಿಡಿದ ಕೈ ತಾನಾಗಿ ಸೋತು ಹೊದಿಕೆಯ ಮೇಲೆ ಬಿತ್ತು. ಫ್ಲ್ಯಾಶಿಯ ತುಟಿ ಅಲುಗಿತು. ಗಂಟಲಿನಿಂದ ಒಂದು ದನಿ ಹೊರಟಿತು, ಮಾತೂ ಅಲ್ಲ, ನರಳಿಕೆಯೂ ಅಲ್ಲ. ಇನ್ನೊಮ್ಮೆ ಪ್ರಯತ್ನಿಸಿ ಕಣ್ಣು ಮುಚ್ಚಿದಳು.

"ಏನಂದ್ರು ಅಮ್ಮ?" ಎಂದಳು ಮಗಳು.

"ಗೊತ್ತಾಗ್ಲಿಲ್ಲ ಕಣೇ," ಎಂದಳು ಬುಡ್ಡಿ. ಮೂಗು ಒರೆಸಿಕೊಂಡು, ಫೋನನ್ನು ಮುಖದ ಹತ್ತಿರಕ್ಕೆ ಇನ್ನಷ್ಟು ತಂದುಕೊಂಡಳು. "ಇನ್ನೊಂದ್ಸಲ ಹೇಳು. ನಿಧಾನಕ್ಕೆ ಹೇಳು. ನಾನೆಲ್ಲೂ ಹೋಗಲ್ಲ."