ಸೀಟಿನ ತುದಿಯ ಮನುಷ್ಯ

ಚಾಂದಪಾಶಾ ಗೋಗಿಯಿಂದ ಶಹಾಪುರಕ್ಕೆ ಓಡಿಸುತ್ತಿದ್ದ ಟಂಟಂ ಆಟೋದಲ್ಲಿ ಇಡೀ ಮದುವೆ ದಿಬ್ಬಣ ಹಿಡಿಯುತ್ತಿತ್ತು. ಮಿಕ್ಕ ಜಾಗಕ್ಕೆ ಕುರಿಯವನಾದ ನಾನು ಹೋತದ ಸಮೇತ ಹತ್ತುತ್ತಿದ್ದೆ. ಹೋತ ಹಿಂದೆ ನೇತಾಡಿಕೊಂಡು ಎದುರು ಬಂದ ಬಸ್ಸಿಗೆಲ್ಲ ಸಲಾಮು ಹೊಡೆಯುತ್ತಿತ್ತು. ನಂಬದವರು ನಂಬದಿರಲಿ.

ಜಾಗ ಸಾಲದಿದ್ದುದು ಡ್ರೈವರನಿಗೆ ಮಾತ್ರ. ಅವನ ಎಡಕ್ಕೂ ಬಲಕ್ಕೂ ಮಂದಿ. ನಡುವೆ ಅವನು ಸೀಟಿನ ತುದಿಗೆ ಅಂಡು ತಾಗಿಸಿ, ಮೊಣಕಾಲು ಹೊಟ್ಟೆಗೆ ಮಡಚಿಕೊಂಡು ಕೂರುತ್ತಿದ್ದ. ವರ್ಷಗಟ್ಟಲೆ ಹಾಗೆ ಕುಳಿತವನು, ಕೊನೆಗೆ ಕೆಳಗಿಳಿದರೂ ಕುಳಿತ ಆಕಾರದಲ್ಲೇ ನಡೆಯತೊಡಗಿದ.

ಅವನ ತಾಯಿ ಆಮೀನಾ ಹಾಸಿಗೆ ಹಿಡಿದಿದ್ದಳು.

"ಏ ಚಾಂದ್, ನಾ ಹೋದಾಗ ಜನಾಜಕ್ಕ ಮುಂದ ನೀನೇ ಹೆಗಲು ಕೊಡಬೇಕು. ಇರೋನು ಒಬ್ಬ ಮಗ. ಹಿಂಗ ಬಾಗಿದ್ರ ನಾ ಜಾರಿ ಬೀಳ್ತೀನಿ ನೋಡು" ಎಂದು ನಗುತ್ತಿದ್ದಳು.

ಅವನು ನಗುತ್ತಿರಲಿಲ್ಲ. ಅಷ್ಟರೊಳಗೆ ನೆಟ್ಟಗಾಗಬೇಕು ಎನ್ನುವುದೊಂದೇ ಅವನ ಹಟ.

ನೋವು ಇದ್ದದ್ದು ಬೆನ್ನಿನಲ್ಲಿ. ಅದಕ್ಕೇ ಅವನ ಹೆಂಡತಿ ಗೌಹರಬೇಗಂ ಮತ್ತು ನಾನು ಸೇರಿ ಅವನನ್ನು ಸುರಪುರದ ಭೀಮಾಶಂಕರನ ಹತ್ತಿರ ಒಯ್ದು ಬೆನ್ನಿಗೆ ಬರೆ ಹಾಕಿಸಿದೆವು. ಕುಂಟುವ ಕುರಿಗೂ ಬರೆ ಹಾಕುವವನು ಅವನೇ. ಚಾಂದಪಾಶಾ ಚೀರಿದ್ದು ಕೇಳಿ ಭೀಮಾ ಹೊಳೆಯ ಮೀನುಗಳು ದಡಕ್ಕೆ ಬಂದು ಕೂತವು. ನೋವು ಮಾತ್ರ ಅಲ್ಲೇ ಇತ್ತು.

ಕೊನೆಗೆ ಯಾದಗಿರಿಗೆ ಹೋದೆವು. ಫಿಜಿಯೋಥೆರಪಿಯ ಕಲ್ಪನಾ ಮೇಡಂ ಅವನ ಬೆನ್ನಿನ ಬರೆ ನೋಡಿ ಹಣೆ ಒತ್ತಿಕೊಂಡರು.

"ನೋವು ಹಿಂದ ಅದ ಅಂತ ಹಿಂದ ಸುಟ್ಟೀರಿ. ಎಳ್ಯಾಕತ್ತಿದ್ದು ಮುಂದಿನ ಸ್ನಾಯುರಿ. ಅದು ಸೊಂಟದ ಬೆನ್ನೆಲುಬಿನ ಮಣಿಯಾಗ ಹುಟ್ಟಿ, ಕರುಳಿನ ಹಿಂದಿಂದ ಇಳದು, ತೊಡಿಸಂದಿ ದಾಟಿ ತೊಡಿ ಎಲುಬಿಗೆ ಹಿಡಕೊಂಡದ. ಕಾಲು ಎತ್ತೋದು, ಮೆಟ್ಲ ಹತ್ತೋದು, ಮಲಗಿದಾಂವ ಎದ್ದು ಕೂಡೋದು ಎಲ್ಲಾ ಅದರ ಕೆಲಸ. ಸದಾ ಮಡಚಿ ಕುಂತ್ರ ಗಿಡ್ಡ ಆಗ್ತದ. ನೀವು ನಿಂತ್ರ ಬೆನ್ನು ಹಿಡಿದು ಮುಂದ ಎಳೀತದ."

"ನೆಟ್ಟಗ ಆಗ್ತೀನೇನ್ರಿ?"

"ಮಂಚದ ತುದಿಗೆ ಮಲಗಿ ಒಂದು ಮೊಣಕಾಲು ಎದಿಗೆ ಹಿಡೀರಿ, ಇನ್ನೊಂದು ಕಾಲು ಕೆಳಗ ಜೋತು ಬಿಡ್ರಿ. ದಿನಾ ಮಾಡ್ರಿ. ಮತ್ತ ಸೀಟಿನ ಮ್ಯಾಲೆ ಪೂರಾ ಕೂಡ್ರಿ. ಮೊದಲಿನಂಗ ತುದಿಗೇ ಕುಂತ್ರ ಈ ಕಸರತ್ತು ಏನೂ ಹತ್ತಂಗಿಲ್ಲ."

ಚಾಂದಪಾಶಾ ಪೂರಾ ಕೂತ. ತನ್ನ ಪಕ್ಕದಲ್ಲಿ ಯಾರನ್ನೂ ಹತ್ತಿಸಲಿಲ್ಲ. "ನವಾಬ ಸಾಹೇಬ್ರು ಹೊಂಟಾರ, ದಾರಿ ಬಿಡ್ರಪ್ಪೋ!" ಎಂದು ನಿಲ್ದಾಣದಲ್ಲಿ ಮಂದಿ ಕೂಗಿದರು. ಆದರೂ ಸೊಂಟ ಸ್ವಲ್ಪ ಬಿಟ್ಟುಕೊಟ್ಟಿತು. ಗೋಡೆಗೆ ತಲೆ ತಾಗಿಸಿ ನಿಂತು ತಾಯಿಗೆ ತೋರಿಸಿದ. ಅವಳು ಮಲಗಿದ್ದಲ್ಲೇ ಅವನ ದೃಷ್ಟಿ ತೆಗೆದಳು.

ಟಂಟಂ ಅವನದಲ್ಲ. ಅದರ ಮಾಲೀಕ ಅಯಾಜ್ ಮನೆಗೇ ಬಂದ.

"ಗಾಡಿ ಕೊಟ್ಟಿದ್ದು ಮಂದಿ ಕೂಡ್ಸಾಕ, ನಿನ್ನ ಸೊಂಟ ಕೂಡ್ಸಾಕಲ್ಲ. ಆಗಲ್ಲಂದ್ರ ಚಾವಿ ಕೊಡು, ಓಡ್ಸಾವ್ರು ಸಿಗ್ತಾರ."

ಮರುದಿನ ಚಾಂದಪಾಶಾ ಮತ್ತೆ ಸೀಟಿನ ತುದಿಗೆ ಬಂದ. ರಾತ್ರಿ ಮನೆಗೆ ಬಂದು ಮಂಚದ ತುದಿಗೆ ಕಾಲು ಜೋತುಬಿಡುತ್ತಿದ್ದ. ಗೌಹರಬೇಗಂ ಇನ್ನೊಂದು ಮೊಣಕಾಲು ಒತ್ತಿ ಹಿಡಿಯುತ್ತಿದ್ದಳು. ಅಲ್ಲಿ ಎಳೆದದ್ದನ್ನೆಲ್ಲ ಹಗಲು ಮತ್ತೆ ಮಡಚಿಡುತ್ತಿತ್ತು.

ಆಮೀನಾ ತೀರಿಕೊಂಡದ್ದು ಬೇಸಿಗೆಯಲ್ಲಿ. ಮಧ್ಯಾಹ್ನದ ನಮಾಜ್ ಆದ ಮೇಲೆ ಜನಾಜದ ಮಂಚ ಎತ್ತಿದರು. ಮುಂದಿನ ಬಲಮೂಲೆಗೆ ಚಾಂದಪಾಶಾ ಹೆಗಲು ಕೊಟ್ಟ. ಆ ಮೂಲೆ ತಗ್ಗಿತು. ಅವನು ಹಲ್ಲು ಕಚ್ಚಿ ಸೆಟೆದು ನಿಂತ. ನಾಲ್ಕು ಹೆಜ್ಜೆ ಇಟ್ಟ. ಜನಾಜ ವಾಲಿತು. ಹಿಂದಿದ್ದವರು "ಅರೆರೇ!" ಎಂದರು.

"ಚಾಂದ್ ಬೇಟಾ, ಜರಾ ಬಾಜೂ ಸರಿ" ಎಂದರು ಹಿರಿಯರೊಬ್ಬರು, ಮೆಲ್ಲಗೆ. ಅವರ ಕಣ್ಣು ನನ್ನ ಮೇಲೆ ಬಿತ್ತು. "ಬೀರಣ್ಣಾ, ನೀ ಬಾ."

ನಾನು ಹೆಗಲು ಕೊಟ್ಟೆ. ಜನಾಜ ಸಮ ಆಯಿತು.

"ಹಾಂ, ಈಗ ಸರಿ ಆತು" ಎಂದಿತು ಮಂದಿ.

ಅವನು ನೆಲ ನೋಡುತ್ತ ಹಿಂದೆ ಬಂದ. ಮಣ್ಣು ಕೊಟ್ಟು ಎಲ್ಲರೂ ಹೊರಟ ಮೇಲೆ ನನ್ನ ತೋಳು ಹಿಡಿದ.

"ಬೀರಣ್ಣಾ, ಅಮ್ಮಾ ಭಾರ ಇದ್ಳೇನು?"

"ಇಲ್ಲೋ. ಹತ್ತಿಯಂಗ ಹಗುರ ಇದ್ಳು."

"ನಾಲ್ಕು ಹೆಜ್ಜಿಯಾಗ ನನಗ ಗೊತ್ತಾಗ್ಲೇ ಇಲ್ಲ ನೋಡು" ಎಂದ.