ಅಣ್ಣನ ಹೆಸರು ಕೆತ್ತಿದ ಕಲ್ಲು

ನಾವಿಬ್ಬರೂ ಇಪ್ಪತ್ತೆಂಟು ವರ್ಷ ಒಂದೇ ಶೆಡ್ಡಿನಲ್ಲಿ ಕಲ್ಲು ಕೊಯ್ದೆವು. ಕಲ್ಲು ಆರಿಸುವುದು ಅಣ್ಣನ ಕೆಲಸ, ಹೆಸರು ಕೆತ್ತುವುದು ನನ್ನದು. ನಾನು ಆರಿಸಲು ಹೋದರೆ ಅವನು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ಅವನು ಹೋಗಿ ಎರಡು ತಿಂಗಳಾಯಿತು. ಅವನ ಸಮಾಧಿಗೆ ಕಲ್ಲು ಆರಿಸಲು ಬೇರೆ ಯಾರಿದ್ದಾರೆ? ನಾನೇ ಆರಿಸಬೇಕಾಯಿತು.

ಅವನ ಕೊನೆಯ ಆಸೆ ಒಂದೇ: ಅಮ್ಮನ ಸಮಾಧಿಗೆ ಹಾಕಿದ ಕಲ್ಲೇ ತನಗೂ ಬೇಕು. ಅದು ಗ್ಯಾಬ್ರೊ, ನಮ್ಮ ದಂಧೆಯವರು ಕಪ್ಪು ಗ್ರಾನೈಟ್ ಎನ್ನುತ್ತಾರೆ. ಶೆಡ್ಡಿನಲ್ಲಿ ಅದರ ಪಕ್ಕದಲ್ಲೇ ನೆಲಕ್ಕೂ ಮೆಟ್ಟಿಲಿಗೂ ಹಾಕುವ ಬಸಾಲ್ಟ್ ಚಪ್ಪಡಿಗಳಿರುತ್ತವೆ. ಎರಡೂ ಭೂಮಿಯ ಬೆಂಕಿಯಲ್ಲಿ ಕರಗಿ, ಆರಿ ಗಟ್ಟಿಯಾದ ಕಲ್ಲುಗಳೇ.

“ಗ್ಯಾಬ್ರೊ ನೆಲದೊಳಗೇ ಕೂತು ನಿಧಾನಕ್ಕೆ ಆರಿದ್ದು, ಅದಕ್ಕೇ ಹರಳು ದಪ್ಪ. ಬಸಾಲ್ಟ್ ಹೊರಗೆ ಬಂದು ದಡಬಡ ಆರಿದ್ದು. ಹರಳು ಬೆಳೆಯೋಕೆ ಪುರುಸೊತ್ತೇ ಸಿಕ್ಕಿಲ್ಲ, ನಿನ್ನ ಬುದ್ಧಿ ಥರ,” ಎನ್ನುತ್ತಿದ್ದ ಅಣ್ಣ. “ಒದ್ದೆಯಾಗಿದ್ದಾಗ ಎರಡೂ ಒಂದೇ ಕಪ್ಪು. ಒಣಗಿಸು, ಬಿಸಿಲಿಗೆ ಓರೆ ಹಿಡಿ, ಹರಳು ಮಿಂಚುತ್ತಾ ನೋಡು.”

ಕೇಳಿ ಕೇಳಿ ಕಿವಿ ತೂತಾಗಿತ್ತು. ಆದರೂ ಗರಗಸದ ನೀರು ಇನ್ನೂ ಇಳಿಯುತ್ತಿದ್ದ ಚಪ್ಪಡಿಯನ್ನೇ ಎಳೆದುಕೊಂಡೆ. ಪಾಲಿಶ್ ಮಾಡುವಾಗಲೂ ಕೆತ್ತುವಾಗಲೂ ನೀರು ಹನಿಸುತ್ತಲೇ ಇರಬೇಕು, ಇಲ್ಲದಿದ್ದರೆ ಧೂಳು. ಅದೂ ಅಲ್ಲದೆ ಮೊದಲಕ್ಷರಕ್ಕೇ ನನ್ನ ಕಣ್ಣು ತುಂಬಿತ್ತು. ಕಲ್ಲನ್ನು ನೋಡಲೇ ಇಲ್ಲ, ಹೆಸರನ್ನಷ್ಟೇ ನೋಡುತ್ತಿದ್ದೆ.

ಮುಗಿಸಿ, ಒರೆಸಿ, ಬಾಗಿಲ ಬಳಿ ಬಿಸಿಲಿಗೆ ನಿಲ್ಲಿಸಿ ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ಕಲ್ಲು ಬೂದು ಬಣ್ಣಕ್ಕೆ ತಿರುಗಿತ್ತು. ಓರೆ ಮಾಡಿ ನೋಡಿದೆ. ಒಂದು ಹರಳೂ ಮಿಂಚಲಿಲ್ಲ.

ಅಣ್ಣನ ಕೊನೆಯ ಮಾತನ್ನೂ ನೆಟ್ಟಗೆ ನಡೆಸಿಕೊಡಲಾಗದ ತಮ್ಮ ನಾನು. ಅಷ್ಟರಲ್ಲಿ ಅತ್ತಿಗೆ ಕಲ್ಲು ನೋಡಲು ಬಂದೇಬಿಟ್ಟರು.

ಅವರು ಹೆಸರಿನ ಮೇಲೆ ಬೆರಳಾಡಿಸಿದರು. “ಚೆನ್ನಾಗಿ ಬಂದಿದೆ ಕಣಪ್ಪ. ಅತ್ತೆಯವರ ಕಲ್ಲಿನ ಹಾಗೇ ಇದೆ.”

“ಇಲ್ಲ ಅತ್ತಿಗೆ. ಇದು ಅದಲ್ಲ. ತಪ್ಪು ಕಲ್ಲು ತೆಗೆದುಬಿಟ್ಟೆ.”

ಅವರು ಬಗ್ಗಿ ಮತ್ತೊಮ್ಮೆ ನೋಡಿದರು. “ನಂಗೇನೂ ಗೊತ್ತಾಗ್ತಿಲ್ಲ. ಸ್ವಲ್ಪ ಮಬ್ಬು, ಅಷ್ಟೇ ತಾನೆ?”

“ಅಣ್ಣ ನೋಡಿದ್ರೆ ನನ್ನ ಜನ್ಮ ಜಾಲಾಡ್ತಿದ್ದ.”

“ಬೈತಿದ್ದದ್ದು ನಿನ್ನೊಬ್ಬನಿಗೇ. ಮನೇಲಿ ಅವರ ಬಾಯಲ್ಲಿ ಮಾತೇ ಇರ್ತಿರಲಿಲ್ಲ,” ಎಂದರು ಅತ್ತಿಗೆ. “ಇದೇ ಇರಲಿ ಬಿಡು. ನೀನು ಕೆತ್ತಿದ್ದಲ್ವಾ,” ಎಂದು ಬೆನ್ನು ಸವರಿ ಹೊರಟರು.

ಅವರ ಮನಸ್ಸು ದೊಡ್ಡದು. ನನಗೆ ಬೇಕಾಗಿದ್ದದ್ದು ಅದಲ್ಲ, ಯಾರಾದರೂ ಮುಖಕ್ಕೆ ಉಗಿಯಬೇಕಿತ್ತು. ನಾಳೆ ಬೇರೆ ಚಪ್ಪಡಿ ತೆಗೆದು ಮತ್ತೆ ಕೆತ್ತುತ್ತೇನೆ, ಅದೇನೂ ದೊಡ್ಡ ಕೆಲಸವಲ್ಲ. ಆದರೆ ಬಾಗಿಲಲ್ಲೇ ನಿಂತು ಈ ತಪ್ಪು ಕಂಡುಹಿಡಿದು “ಕತ್ತೆ” ಎಂದು ಕೂಗುವವನು ಈ ಲೋಕದಲ್ಲಿ ಒಬ್ಬನೇ ಇದ್ದ. ಬೆಳಗಿನಿಂದ ಅವನ ಹೆಸರನ್ನೇ ಕೆತ್ತುತ್ತಿದ್ದೆ.